ನಾಳೆಯ ಸಭೆಯ ನಡಾವಳಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮ ಕಡೆ ಜನ ನಗುತ್ತಾರೆ. ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಕುಲಾವಿ ಹೊಲಿಯುವುದಕ್ಕೆಂದೇ ಅಲ್ಲಿ ಒಬ್ಬ ಮನುಷ್ಯನನ್ನು ಇಟ್ಟಿರುತ್ತಾರೆ. ಚಂದ್ರಕಾಂತ ಅಂಥ ಮನುಷ್ಯ. ಇಪ್ಪತ್ತೆರಡು ವರ್ಷಗಳಿಂದ ಅವನು ಸಭೆಗಳ ನಡಾವಳಿ ಬರೆಯುತ್ತಿದ್ದ, ಅದೂ ಸಭೆಯ ಹಿಂದಿನ ದಿನ. ಯಾರು ಸ್ವಾಗತಿಸುತ್ತಾರೆ, ಯಾರು ಶ್ಲಾಘಿಸುತ್ತಾರೆ, ಯಾವ ಪ್ರಶ್ನೆಗೆ ಸಮರ್ಪಕ ಉತ್ತರ ಸಿಗುತ್ತದೆ, ಎಲ್ಲವನ್ನೂ ಟೈಪು ಮಾಡಿಸಿ ಫೈಲಿನಲ್ಲಿಟ್ಟುಕೊಂಡೇ ಸಭೆಗೆ ಹೋಗುತ್ತಿದ್ದ. ಸಭೆಯಲ್ಲಿ ಅವನಿಗೆ ಉಳಿಯುತ್ತಿದ್ದ ಕೆಲಸವೆಂದರೆ ಬಿಸ್ಕತ್ತು ತಿನ್ನುವುದು.

ಆದರೆ ೨೦೦೭ರ ಆ ಮಾರ್ಚಿನಲ್ಲಿ ಅವನು ಬರೆಯಬೇಕಾಗಿ ಬಂದದ್ದು ಸ್ವಂತ ಗಲ್ಲಿಯ ಸಭೆಯ ನಡಾವಳಿ. ಹಳೆ ದೆಹಲಿಯ ಕಟ್ರಾ ನೀಲಗರ್ ಒಂದು ಕಾಲಕ್ಕೆ ಬಟ್ಟೆಗೆ ನೀಲಿ ಹಾಕುವವರ ಕೇರಿ. ಈಗ ಅಲ್ಲಿ ನೀಲಿ ಉಳಿದಿರುವುದು ಚರಂಡಿಯಲ್ಲಿ ಮಾತ್ರ, ಅದೂ ಒಮ್ಮೊಮ್ಮೆ. ಕೇರಿಯ ನಡುವೆ ಮುನ್ನೂರು ವರ್ಷದ ಸರಾಯಿ, ಅಂದರೆ ದಾರಿಹೋಕರ ಛತ್ರ. ವ್ಯಾಪಾರಿಗಳು ಒಂಟೆ ಕಟ್ಟುತ್ತಿದ್ದ ಅಂಗಳ, ಅರ್ಧ ಕುಸಿದ ಚಾವಣಿ, ಕಮಾನುಗಳ ಸಂದಿಯಲ್ಲಿ ಅರಳಿಯ ಸಸಿಗಳು. ಇದನ್ನು ಕಾಪಾಡಿ ಎಂದು ಯಾರೋ ನೆಟ್ಟ ಬೋರ್ಡಿಗೆ ಯಾರೋ ಪಾಯಜಾಮ ಒಣಹಾಕಿದ್ದರು. ಮೂವತ್ತು ವರ್ಷ ಈ ಕಡೆ ತಿರುಗಿ ನೋಡದಿದ್ದ ಸರ್ಕಾರಕ್ಕೆ, ಮೂರು ವರ್ಷದಲ್ಲಿ ದೊಡ್ಡ ಕ್ರೀಡಾಕೂಟ ಬರುತ್ತದೆ ಎಂದ ಕೂಡಲೇ ಕಟ್ರಾದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಸರಾಯಿ ಕೆಡವಿ ಕ್ರೀಡಾಂಗಣ ಕಟ್ಟುವುದೆಂದಾಯಿತು. ಜನರ ಅಭಿಪ್ರಾಯ ಕೇಳಲು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸರಾಯಿಯ ಅಂಗಳದಲ್ಲೇ ಸಭೆ.

"ಚಂದ್ರಕಾಂತ್, ನಿಮ್ಮದೇ ಏರಿಯಾ ಅಲ್ವೇನ್ರೀ? ಒಂದೂ ಆಕ್ಷೇಪಣೆ ಇಲ್ಲದೆ ಮುಗಿಸಿಬಿಡಿ. ಜೂನ್‌ಗೆ ಸೆಕ್ಷನ್ ಆಫೀಸರ್ ಆಗ್ತೀರಿ, ಕ್ವಾರ್ಟರ್ಸ್ ಲಿಸ್ಟಲ್ಲೂ ಮೇಲೆ ಬರ್ತೀರಿ," ಎಂದಿದ್ದರು ಡೆಪ್ಯುಟಿ ಸೆಕ್ರೆಟರಿ ಕೃಷ್ಣಮೂರ್ತಿ. ಅವರೂ ಕನ್ನಡದವರೇ. ಕಚೇರಿಯಲ್ಲಿ ಗುಟ್ಟಿನ ಮಾತೆಲ್ಲ ಇಬ್ಬರೂ ಕನ್ನಡದಲ್ಲೇ ಮುಗಿಸುತ್ತಿದ್ದರು. ಸುತ್ತ ಹತ್ತು ಜನ ಕೂತಿದ್ದರೂ ಬಾಗಿಲು ಹಾಕುವ ಅಗತ್ಯವಿರಲಿಲ್ಲ.

ಬಡ್ತಿಯ ಆಸೆ ಚಂದ್ರಕಾಂತನಿಗೆ ಸಾಕಷ್ಟಿತ್ತು. ಅದರ ಜೊತೆಗೆ ಒಂದು ಕಳ್ಳಭಯವೂ ಇತ್ತು. ಕ್ರೀಡಾಂಗಣದ ನಕ್ಷೆಯನ್ನು ಅವನು ನೋಡಿದ್ದ. ಕಾರು ನಿಲ್ಲಿಸುವ ಜಾಗವೆಂದು ಬೂದು ಬಣ್ಣ ಬಳಿದಿದ್ದಲ್ಲಿ ಅವನು ಹದಿನೆಂಟು ವರ್ಷದಿಂದ ಬಾಡಿಗೆಗಿದ್ದ ಹವೇಲಿಯ ಮಹಡಿಯಿತ್ತು. ಆ ಮಹಡಿಯಲ್ಲಿ ಹೆಂಡತಿ ಮನೋರಮಾಳ ತುಳಸಿ ಕುಂಡವಿತ್ತು, ಹಪ್ಪಳ ಒಣಗಿಸುವ ಮಂಚವಿತ್ತು, ಪಾರಿವಾಳ ಹಾರಿಸುವ ರಯೀಸ್ ಮಿಯಾರ ಮಹಡಿಯ ಜೊತೆ ದಿನಾ ಸಂಜೆ ನಡೆಯುವ ಮಾತುಕತೆಯಿತ್ತು. ಇದನ್ನೆಲ್ಲ ಬಿಟ್ಟುಬಾ ಎಂದು ಅವಳಿಗೆ ಹೇಳುವ ಎದೆಗಾರಿಕೆ ಅವನಿಗಿರಲಿಲ್ಲ. ಕ್ವಾರ್ಟರ್ಸ್ ಸಿಕ್ಕ ಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಮುಂದಿನ ದಿನಾಂಕ ಕೊಟ್ಟುಕೊಂಡಿದ್ದ.

ಶನಿವಾರ ಬೆಳಗ್ಗೆ ಅವನ ಮುಂದೆ ಎರಡು ಹಾಳೆಗಳಿದ್ದವು. ಎರಡೂ ಹಿಂದಿಯಲ್ಲಿ, ಎರಡರ ತಲೆಯ ಮೇಲೂ ಅದೇ ಕಚೇರಿಯ ಹೆಸರು, ಅದೇ ದಿನಾಂಕ. ಮೇಲಿನದು ಸಭೆಗೆ ಬನ್ನಿ ಎಂಬ ನೋಟೀಸು. ಕೆಳಗಿನದು ಆ ಸಭೆಯಲ್ಲಿ ಏನೇನಾಯಿತೆಂಬ ನಡಾವಳಿ. ಮನೋರಮಾ ಕಾಫಿ ಲೋಟ ತಂದು ಹಾಳೆಯ ಮೇಲೇ ಕುಕ್ಕಿದಳು.

"ಅಯ್ಯೋ, ನೋಟೀಸಿನ ಮೇಲೆ ಇಡ್ತಾರೇನೆ? ಕಲೆ ಆಗತ್ತೆ!" ಎಂದು ಅವನು ಹಾಳೆಗಳನ್ನು ಹಿಂದುಮುಂದು ಮಾಡಿದ. ಕೆಳಗಿನದು ಮೇಲೆ ಬಂತು. ಅರ್ಧವಿರಾಮ ತಪ್ಪಿದರೆ ಇಡೀ ಪುಟ ಮತ್ತೆ ಟೈಪು ಮಾಡಿಸುತ್ತಿದ್ದ ಮಹಾಶಯ, ಮೇಲಿದ್ದ ಹಾಳೆಯನ್ನು ಕಣ್ಣೆತ್ತಿಯೂ ನೋಡದೆ ಮಗಳು ಗಗನಾಳ ಕೈಗಿತ್ತ. "ಇನ್ನೂರು ಝೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚಿಬಿಡಮ್ಮ."

ಹದಿನಾರರ ಗಗನಾ ಹೈಜಂಪ್ ಹುಡುಗಿ. ಸರಾಯಿಯ ಅಂಗಳದಲ್ಲಿ ಹಳೆ ಹಾಸಿಗೆ ಹಾಸಿಕೊಂಡು ಹಾರುತ್ತಿದ್ದವಳು. ಓದುವ ತಾಳ್ಮೆ ಅವಳಿಗೆಲ್ಲಿಯದು? ಒಂದು ಗಂಟೆಯಲ್ಲಿ ಹಂಚಿ ಬಂದಳು.

ಮಧ್ಯಾಹ್ನದ ಹೊತ್ತಿಗೆ ಗಲ್ಲಿಯಲ್ಲಿ ಗುಲ್ಲೆದ್ದಿತು. ಮೊದಲು ಮೆಟ್ಟಿಲು ಹತ್ತಿ ಬಂದವರು ರಯೀಸ್ ಮಿಯಾ. ಎಪ್ಪತ್ತರ ಮನುಷ್ಯ, ಏದುಸಿರು.

"ಚಂದರ್ ಬಾಬು, ಐದನೇ ಸಾಲು ನೋಡಿ. 'ಹಿರಿಯ ನಾಗರಿಕರೊಬ್ಬರು ಪಾರಿವಾಳಗಳ ಬಗ್ಗೆ ಪ್ರಶ್ನೆ ಕೇಳಿದರು. ಅವರಿಗೆ ಸಮರ್ಪಕ ಉತ್ತರ ನೀಡಲಾಯಿತು. ಹಿರಿಯರು ಸಂತೃಪ್ತರಾದರು.' ನಾಳೆ ನಾನು ಸಂತೃಪ್ತನಾಗ್ತೀನಂತೆ. ಬಹಳ ಸಂತೋಷ. ಆದರೆ ಆ ಉತ್ತರ ಏನು ಭಾಯಿ? ಇವತ್ತೇ ಹೇಳಿಬಿಡಿ, ರಾತ್ರಿ ನಿದ್ದೆಯಾದರೂ ಬರಲಿ!"

ಚಂದ್ರಕಾಂತ ಹಾಳೆಯನ್ನು ಇಸಿದುಕೊಂಡು ನೋಡಿದ. ಹಂಚಿಹೋಗಿದ್ದುದು ನೋಟೀಸಲ್ಲ, ನಡಾವಳಿ. ಅವನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಕಚೋರಿ ಮಾರುವ ಬಾಂಕೇಲಾಲ್‌ನ ಕೂಗು ಕೇಳಿಸಿತು.

"ಪಾರಿವಾಳದ ಹಿರಿಯ ನಾಗರಿಕ ನಾನು! ಮಿಯಾಗಿಂತ ಎಂಟು ತಿಂಗಳು ದೊಡ್ಡವನು! ಮತ್ತೆ ಈ ಒಂಬತ್ತನೇ ಸಾಲು ಏನು, 'ಚಹಾ ಬಿಸ್ಕತ್ತಿನೊಂದಿಗೆ ಸಭೆ ಮುಕ್ತಾಯ'? ಕಟ್ರಾದಲ್ಲಿ ಸಭೆ, ನನ್ನ ಕಚೋರಿ ಇಲ್ಲವೇ? ಇದು ಅವಮಾನ!"

ಅದಾದ ಮೇಲೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೂರನೇ ಸಾಲಿನಲ್ಲಿ 'ನಾಗರಿಕರು ಒಕ್ಕೊರಲಿನಿಂದ ಸ್ವಾಗತಿಸಿದರು' ಎಂದಿದೆಯಲ್ಲ, ಆ ಒಕ್ಕೊರಲು ಯಾರದು ಎಂದು ದರ್ಜಿಗಳ ಗುಂಪೊಂದು ಕೇಳಿತು. ಏಳನೇ ಸಾಲಿನಲ್ಲಿ ಚಪ್ಪಾಳೆ ತಟ್ಟಬೇಕಾದ ಯುವಕರು ಗಲ್ಲಿಯಲ್ಲೇ ತಾಲೀಮು ಶುರುಮಾಡಿದರು. ಯಾರಿಗೂ ಸಿಟ್ಟು ಬಂದಂತಿರಲಿಲ್ಲ. ಮೂವತ್ತು ವರ್ಷ ಯಾವ ಕಾಗದದಲ್ಲೂ ಕಾಣಿಸಿಕೊಳ್ಳದಿದ್ದ ಜನ, ಸುಳ್ಳೋ ಪಳ್ಳೋ, ಸರ್ಕಾರದ ಹಾಳೆಯಲ್ಲಿ ತಮ್ಮನ್ನು ತಾವು ಹುಡುಕಿಕೊಂಡು ಕೇಕೆ ಹಾಕುತ್ತಿದ್ದರು.

ಮನೋರಮಾ ಒಂದು ಪ್ರತಿ ಹಿಡಿದು ಅಡುಗೆಮನೆಯಲ್ಲಿ ನಿಂತು ಓದಿದಳು. ಎಂಟನೇ ಸಾಲನ್ನು ಎರಡು ಸಲ ಓದಿದಳು. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾರಿಗೆ ಒಗ್ಗರಣೆ ಹಾಕಿದಳು. ಅದು ಚಂದ್ರಕಾಂತನಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಭಾನುವಾರ ಅಂಗಳ ತುಂಬಿ ತುಳುಕಿತು. ರಾಮಲೀಲಾದ ಕಥೆ ಗೊತ್ತಿದ್ದೂ ಜನ ಪ್ರತಿ ವರ್ಷ ಹೋಗುವುದಿಲ್ಲವೇ, ಹಾಗೆ ಎಲ್ಲರೂ ಹಾಳೆ ಹಿಡಿದು ಬಂದಿದ್ದರು. ಮೈಕು, ಸ್ಪೀಕರು ಮದುವೆ ಬ್ಯಾಂಡಿನವರದು. ಕೃಷ್ಣಮೂರ್ತಿ ಕಾರಿನಿಂದಿಳಿದು ಆ ಜನಸಾಗರ ನೋಡಿ ಚಂದ್ರಕಾಂತನ ಬೆನ್ನು ತಟ್ಟಿದರು. ಪಾಪ, ಅವರಿಗೆ ಹಾಳೆಯ ವಿಷಯ ಗೊತ್ತಿರಲಿಲ್ಲ. ಹೇಳಲು ಚಂದ್ರಕಾಂತನಿಗೆ ನಾಲಿಗೆ ಹೊರಳಿರಲಿಲ್ಲ.

ಅವರು ಸ್ವಾಗತ ಭಾಷಣ ಶುರುಮಾಡಿದರು. ಜನ ಬೆರಳಿಟ್ಟುಕೊಂಡು ಮೊದಲ ಸಾಲು ಓದಿದರು. "ಸರಿಯಿದೆ!" ಎಂದು ಕೂಗಿದರು. ಅವರು ಕಟ್ರಾದ ಭವ್ಯ ಇತಿಹಾಸ ಸ್ಮರಿಸಿದರು. "ಎರಡನೇ ಸಾಲು! ಸರಿಯಿದೆ!" ಕೃಷ್ಣಮೂರ್ತಿಗಳಿಗೆ ಗಲಿಬಿಲಿಯಾಯಿತು. ಏಳನೆಯದಕ್ಕೆ ಬರಬೇಕಾಗಿದ್ದ ಚಪ್ಪಾಳೆ ಎರಡಕ್ಕೇ ಬಿದ್ದು, ತಾಲೀಮು ಮಾಡಿದ್ದ ಹುಡುಗರಿಗೆ ಹಿರಿಯರಿಂದ ಬೈಗುಳ ಸಿಕ್ಕಿತು.

ಆಗ ಮನೋರಮಾ ಎದ್ದು ನಿಂತಳು. ಇಪ್ಪತ್ತು ವರ್ಷ ಊಟದ ಹೊತ್ತಿಗೆ ಗಂಡನ ಬಾಯಿಂದ ಕಚೇರಿಯ ನಿಯಮಗಳನ್ನು ಕೇಳಿ ಕೇಳಿ ಅವಳಿಗೆ ಅವು ಗಾಯತ್ರಿಗಿಂತ ಚೆನ್ನಾಗಿ ಬರುತ್ತಿದ್ದವು.

"ಸಾಹೇಬರೇ," ಎಂದಳು ಹಿಂದಿಯಲ್ಲಿ, "ನಡಾವಳಿ ಈಗಾಗಲೇ ಎಲ್ಲರಿಗೂ ತಲುಪಿದೆ. ಹಂಚಿದ ನಡಾವಳಿಗೆ ಸಭೆಯಲ್ಲಿ ತಿದ್ದುಪಡಿ ಹೇಳುವ ಹಕ್ಕು ಹಾಜರಿದ್ದವರಿಗೆ ಇದೆ. ನಾವೆಲ್ಲ ಹಾಜರಿದ್ದೇವೆ. ಮೂರನೇ ಸಾಲಿನಿಂದ ಶುರುಮಾಡೋಣವೇ?"

ಕೃಷ್ಣಮೂರ್ತಿ ಹಾಳೆ ಇಸಿದುಕೊಂಡು ಓದಿದರು. ಮುಖ ಬೀಟ್‌ರೂಟ್ ಆಯಿತು. ಪಕ್ಕಕ್ಕೆ ಬಾಗಿ, ಅಭ್ಯಾಸಬಲದಿಂದ, ಕನ್ನಡದಲ್ಲಿ ಪಿಸುಗುಟ್ಟಿದರು. "ಏನ್ರೀ ಇದು ಎಡವಟ್ಟು? ಈ ಜನ ಏನಾದ್ರೂ ಒದರಿಕೊಳ್ಳಲಿ, ನೀವು ಒಂದಕ್ಷರ ಬರ್ಕೋಬೇಡಿ. ನಾವು ಬರೆದಿರೋದೇ ಫೈನಲ್."

ಮದುವೆಯವರ ಮೈಕಿಗೆ ಪಿಸುಮಾತು, ಭಾಷಣ ಎಂಬ ಭೇದವಿರಲಿಲ್ಲ. ನಾಲ್ಕೂ ದಿಕ್ಕಿನ ಸ್ಪೀಕರುಗಳಲ್ಲಿ ಅಚ್ಚ ಕನ್ನಡ ಮೊಳಗಿತು. ಐನೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಂದರು, ಭಾಭೀಜಿ?" ಎಂದರು ರಯೀಸ್ ಮಿಯಾ.

"ಹೇಳ್ಲಾ ಸಾರ್?" ಎಂದು ಮನೋರಮಾ ಕನ್ನಡದಲ್ಲೇ ಕೇಳಿದಳು. "ನಾನು ಚಂದ್ರಕಾಂತ್ ಅವರ ಮನೆಯವಳು. ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸ್ತು."

ಕೃಷ್ಣಮೂರ್ತಿ ಕೈಯಲ್ಲಿದ್ದ ನೀರಿನ ಲೋಟವನ್ನು ಮೈಕಿನ ಮೇಲೇ ಚೆಲ್ಲಿದರು. "ಬೇಡ ತಾಯಿ," ಎಂದರು. ಆಮೇಲೆ ಹಿಂದಿಯಲ್ಲಿ ಗಟ್ಟಿಯಾಗಿ, "ತಿದ್ದುಪಡಿಗಳನ್ನು ಸ್ವಾಗತಿಸುತ್ತೇವೆ!" ಎಂದರು.

ಆಮೇಲೆ ನಡೆದದ್ದು ಅಸಲಿ ಜಗಳ, ಬಲು ಸೊಗಸಾದ ಜಗಳ. ಕ್ರೀಡಾಂಗಣ ಬರಲೇಬೇಕು, ಜನ ಬಂದರೆ ಕಚೋರಿ ಖರ್ಚಾಗುತ್ತದೆ ಎಂದ ಬಾಂಕೇಲಾಲ್. ಗೇಟಿನಿಂದ ಇನ್ನೂರು ಗಜದೊಳಗೆ ತಿಂಡಿ ಮಾರುವಂತಿಲ್ಲ ಎಂದು ಉತ್ತರ ಬಂದ ಮೇಲೆ ಕ್ರೀಡೆಯೇ ದೇಶಕ್ಕೆ ಹಾನಿ ಎಂದುಬಿಟ್ಟ. ಸರಾಯಿ ನಮ್ಮ ಹಿರಿಯರದು, ಮುಟ್ಟಬೇಡಿ ಎಂದರು ರಯೀಸ್ ಮಿಯಾ. ಹಿರಿಯರದಾದರೆ ಒಂದು ದಿನವಾದರೂ ಕಸ ಗುಡಿಸಿದ್ದೀರಾ ಎಂದು ದರ್ಜಿಯೊಬ್ಬ ತಿರುಗಿಬಿದ್ದ. ಪಾರಿವಾಳದ ಹಿಕ್ಕೆಯ ಬಗ್ಗೆ ಕಾಲುಗಂಟೆ ಚರ್ಚೆಯಾಯಿತು.

ಗಗನಾ ಕೈಯೆತ್ತಿದಳು. ಕ್ರೀಡಾಂಗಣ ಬರಲೆಂದು ಕಟ್ರಾದಲ್ಲಿ ಮನಸಾರೆ ಬಯಸಿದ್ದವಳು ಅವಳೊಬ್ಬಳೇ. "ಸರ್, ಒಳಗೆ ನಾವು ಪ್ರಾಕ್ಟೀಸ್ ಮಾಡಬಹುದಾ?" ಎಂದು ಹಿಂದಿಯಲ್ಲಿ ಕೇಳಿದಳು.

"ಕೂಟ ಮುಗಿಯೋವರೆಗೆ ಪಾಸ್ ಇದ್ದವರಿಗೆ ಮಾತ್ರ. ಆಮೇಲೆ ಸದಸ್ಯರಿಗೆ," ಎಂದರು ಕೃಷ್ಣಮೂರ್ತಿ.

"ಅಂದ್ರೆ ಈಗ ಹಾರುವ ಜಾಗಾನೂ ಹೋಗತ್ತೆ, ಅಲ್ವಾ?" ಹುಡುಗಿ ಕಮಾನುಗಳಾಚೆ ಕೈತೋರಿಸಿದಳು. "ನಾಲೆಯ ಆಚೆ ಮಲಬಾ ಸುರಿಯೋ ಬಯಲಿದೆಯಲ್ಲ, ಅಲ್ಲಿ ಕಟ್ಟಿ. ಈ ಅಂಗಳಕ್ಕೆ ಒಂದು ಒಳ್ಳೆ ಹಾಸಿಗೆ ಕೊಡಿ, ಸಾಕು."

ಮುರಿದ ಇಟ್ಟಿಗೆ, ಗಾರೆ ಸುರಿಯುವ ಆ ಗಬ್ಬು ಬಯಲು ಯಾರ ನೆನಪಿಗೂ ಬಂದಿರಲಿಲ್ಲ. ಇಡೀ ಅಂಗಳ ಹೋ ಎಂದಿತು. ಒಕ್ಕೊರಲು ಎಂದರೆ ಇದು ಎಂದು ಚಂದ್ರಕಾಂತನಿಗೆ ಆವತ್ತು ಗೊತ್ತಾಯಿತು. ಅಷ್ಟು ವರ್ಷ ಆ ಪದವನ್ನು ಕೇಳದೆಯೇ ಬರೆದಿದ್ದ.

"ಕಾರುಗಳು ಎಲ್ಲಿ ನಿಲ್ಲುತ್ತವೆ?" ಎಂದು ಯಾರೋ ಕೇಳಿದರು. ಕೃಷ್ಣಮೂರ್ತಿ ನಕ್ಷೆ ಬಿಡಿಸಿ ಬೂದು ಬಣ್ಣದ ಮೇಲೆ ಬೆರಳಿಟ್ಟರು. ಮನೋರಮಾ ಮುಂದೆ ಬಂದು ನೋಡಿದಳು. ತನ್ನ ಮಹಡಿ ಗುರುತಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ರೀ, ಇದು ನಿಮಗೆ ಗೊತ್ತಿತ್ತಾ?" ಎಂದಳು ಮೆಲ್ಲಗೆ.

ಚಂದ್ರಕಾಂತ ಪೆನ್ನಿನ ಮುಚ್ಚಳ ನೋಡಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

"ಎಂಟನೇ ಸಾಲು ನೀವೇ ಬರೆದಿದ್ದಲ್ವಾ? 'ಸ್ಥಳೀಯ ಮಹಿಳೆಯೊಬ್ಬರು ಹರ್ಷ ವ್ಯಕ್ತಪಡಿಸಿದರು.' ಈ ಗಲ್ಲೀಲಿ ನಿಮಗೆ ಹತ್ತಿರದಿಂದ ಗೊತ್ತಿರೋ ಮಹಿಳೆ ನಾನೊಬ್ಬಳೇ. ನನ್ನ ಹರ್ಷ ಎಷ್ಟು ಅಂತ ಒಂದು ಸಲ ಕೇಳಿದ್ರೆ ಏನಾಗ್ತಿತ್ತು?"

ಕನ್ನಡ ಗೊತ್ತಿಲ್ಲದಿದ್ದರೂ ಅಂಗಳದವರೆಲ್ಲ ಹಾಳೆ ಬಿಟ್ಟು ಇವರಿಬ್ಬರತ್ತ ತಿರುಗಿದರು. ಗಂಡಹೆಂಡಿರ ಈ ದನಿ ಯಾವ ಭಾಷೆಯವರಿಗೂ ತಿಳಿಯುತ್ತದೆ. ಕೃಷ್ಣಮೂರ್ತಿ ಹಳೆ ಹಾಳೆಯನ್ನು ಚಂದ್ರಕಾಂತನ ಮುಂದೆ ತಳ್ಳಿ, ಈ ಸಲ ನಿಜಕ್ಕೂ ಪಿಸುಮಾತಿನಲ್ಲಿ ಅಂದರು. "ಸೈನ್ ಮಾಡಿ. ಜೂನ್ ನೆನಪಿರಲಿ."

ಚಂದ್ರಕಾಂತ ಹಾಳೆಯನ್ನು ನೋಡಿದ. ಅದನ್ನು ಮಗುಚಿ ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದ. ಒಕ್ಕೊರಲು ನಾಲೆಯಾಚೆಯ ಬಯಲಿಗೆ ಎಂದು ಬರೆದ. ರಯೀಸ್ ಮಿಯಾರ ಪ್ರಶ್ನೆಯನ್ನೂ, ಅವರು ಸಂತೃಪ್ತರಾಗಲಿಲ್ಲವೆಂಬುದನ್ನೂ ಬರೆದ. ಹಾಸಿಗೆ ಬರೆದ, ಕಚೋರಿ ಬರೆದ. ಬರೆಯುತ್ತಾ ಬರೆಯುತ್ತಾ ಅವನಿಗೆ ಗಂಟಲಲ್ಲಿ ಏನೋ ಕಚಗುಳಿಯಾದಂತಾಗಿ ನಗು ಬಂತು. ಸಭೆಯಲ್ಲಿ ಕೂತು ಸಭೆಯನ್ನೇ ಬರೆಯುವುದು ಇಷ್ಟು ಮಜವೆಂದು ಇಪ್ಪತ್ತೆರಡು ವರ್ಷ ಯಾರೂ ಹೇಳಿರಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು ಎದ್ದು ನಿಂತ.

"ನಾನು ಚಂದ್ರಕಾಂತ, ಇದೇ ಗಲ್ಲಿಯ ಮಹಡಿ ಮನೆಯವನು," ಎಂದ ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ. "ನನ್ನ ಆಕ್ಷೇಪಣೆ ಇದೆ."

ಕೂತುಕೊಂಡು ಅದನ್ನೂ ತಾನೇ ಬರೆದುಕೊಂಡ. ಅಂಗಳದಲ್ಲಿ ಸಿಳ್ಳೆಗಳೆದ್ದವು. ಬೆದರಿದ ಪಾರಿವಾಳಗಳೆಲ್ಲ ಕಮಾನುಗಳಿಂದ ಒಟ್ಟಿಗೇ ಹಾರಿ ಕೃಷ್ಣಮೂರ್ತಿಗಳ ಕೋಟಿನ ಮೇಲೆ ತಮ್ಮ ಅಭಿಪ್ರಾಯವನ್ನೂ ಹಾಕಿ ಹೋದವು. ಬಾಂಕೇಲಾಲ್ ಕಚೋರಿಯ ಬುಟ್ಟಿಯನ್ನೇ ತಂದು ಮೇಜಿನ ಮೇಲಿಟ್ಟ. ಜೂನ್ ಎಂಬುದು ಚಂದ್ರಕಾಂತನ ಕಣ್ಣೆದುರೇ ಮುಂದಿನ ವರ್ಷಕ್ಕೋ ಅದರ ಮುಂದಿನದಕ್ಕೋ ಹಾರಿಹೋಯಿತು. ಅವನಿಗೆ ಅದು ದೊಡ್ಡ ನಷ್ಟವೆಂದು ಕಾಣಿಸಲೂ ಇಲ್ಲ.

ಕೊನೆಗೆ ಅವನು ಹಾಳೆಯನ್ನು ಮತ್ತೆ ಮಗುಚಿ, ಟೈಪು ಮಾಡಿದ್ದ ಸಾಲುಗಳನ್ನು ಒಂದೊಂದಾಗಿ ಅಡ್ಡಗೆರೆ ಎಳೆದು ಹೊಡೆದುಹಾಕತೊಡಗಿದ. ಮನೋರಮಾ ಪಕ್ಕದಲ್ಲಿ ಬಂದು ನಿಂತು ನೋಡುತ್ತಿದ್ದಳು. ಮೂರು ಹೋಯಿತು, ಐದು ಹೋಯಿತು, ಏಳು ಹೋಯಿತು. ಪೆನ್ನು ಎಂಟಕ್ಕೆ ಬಂದಾಗ ಅವಳು ಅವನ ಕೈ ಹಿಡಿದಳು.

"ಅದನ್ನ ಹೊಡೀಬೇಡಿ," ಎಂದಳು. "ಈಗ ಅದು ನಿಜ."