ಒಂದು ಗೇಣು ಹೆಚ್ಚು

ಹೆಂಡತಿಯ ಪೆಟ್ಟಿಗೆಗೆ ಬಡಗಿ ಅಳತೆ ತೆಗೆದುಕೊಳ್ಳಲಿಲ್ಲ. ಆ ರೂಢಿಯೇ ಅವನಿಗಿರಲಿಲ್ಲ. ಚರ್ಚಿಗೆ ಸೇರಿದವರು ಯಾರು ತೀರಿಕೊಂಡರೂ ಪೆಟ್ಟಿಗೆ ಹೋಗುತ್ತಿದ್ದುದು ಅವನ ಮನೆಯ ಹಿಂದಿನ ಚಪ್ಪರದಿಂದಲೇ. ಆದರೆ ಒಂದು ಹೆಣದ ಮೇಲಾದರೂ ಅವನು ದಾರ ಹಿಡಿದದ್ದಿಲ್ಲ. "ಬದುಕಿರೋರಿಗೆ ದರ್ಜಿ ಅಳತೆ ಹಿಡೀಲಿ. ದಿನಾ ಕಣ್ಣೆದುರು ಓಡಾಡಿದವರಿಗೆ ನನಗೆ ಕಣ್ಣೇ ಸಾಕು" ಅನ್ನುತ್ತಿದ್ದ. ಹಾಗೆ ಮಾಡಿದ ಪೆಟ್ಟಿಗೆ ಯಾವತ್ತೂ ಹೆಚ್ಚುಕಡಿಮೆ ಆಗಿರಲಿಲ್ಲ.

ನಿನ್ನೆ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಕುಸಿದಿದ್ದಳು. ಒಂದು ಮಾತಿಗೂ ಬಿಡುವು ಕೊಡಲಿಲ್ಲ. ಈಗ ಮುಂದಿನ ಕೋಣೆಯಲ್ಲಿ ಹೆಂಗಸರು ಜಪಮಾಲೆ ಹೇಳುತ್ತಿದ್ದರು. ಚಪ್ಪರದಲ್ಲಿ ಬಡಗಿ ಕೀಸುಳಿ ಹಿಡಿದು, ಯಾರೂ ಕಾಣದ ಒಳಮೈಯನ್ನೂ ಕನ್ನಡಿಯ ಹಾಗೆ ಕೀಸುತ್ತಿದ್ದ. ಜೀವನಪೂರ್ತಿ ಬೈಗುಳ ಕೊಟ್ಟವನು ಕೊನೆಗೆ ಒಂದಾದರೂ ಕುಂದಿಲ್ಲದ್ದು ಕೊಡಬೇಕು. ಅವನಿಗೆ ಇದ್ದದ್ದು ಅದೊಂದೇ ಆಸೆ.

ಬೈಗುಳಕ್ಕೆ ಕಾರಣ ಬೇಕಿರಲಿಲ್ಲ. ಅವಳು ಹಾಕಿದ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು, ಇಟ್ಟ ಪಾತ್ರೆ ವಾಲಿರುತ್ತಿತ್ತು, ಬೇಯಿಸಿದ ಅನ್ನ ತಳ ಹಿಡಿದಿರುತ್ತಿತ್ತು. ಅವನು ಕೂಗಾಡಿದರೆ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, "ನಿಮ್ಮ ಮೂಲೆಮಟ್ಟ ಇಟ್ಟು ನೋಡಿದರೆ ದೇವರು ಮಾಡಿದ ಬೆಟ್ಟವೂ ಸೊಟ್ಟವೇ" ಅನ್ನುತ್ತಿದ್ದಳು. ಪಾಪನಿವೇದನೆಗೆ ಹೋದಾಗಲೆಲ್ಲ ಅವನು ಹೇಳುತ್ತಿದ್ದದ್ದು ಅದೇ ಸಿಟ್ಟಿನ ಪಾಪ. ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದವಳು, "ಇವತ್ತಾದರೂ ಹೊಸದೊಂದು ಹೇಳಿದ್ರಾ? ಅದನ್ನೇ ಕೇಳಿ ಕೇಳಿ ಫಾದರ್‌ಗೂ ನಿದ್ದೆ ಬರಲ್ವಾ?" ಎಂದು ನಗುತ್ತಿದ್ದಳು. ಅವನಿಗೆ ಅದಕ್ಕೂ ಸಿಟ್ಟು.

ಪೆಟ್ಟಿಗೆ ಒಳಗೆ ಬಂತು. ಮೂಲೆಗಳು ಕೂದಲು ತೂರದಷ್ಟು ಕೂಡಿಕೊಂಡಿದ್ದವು. ಮುಚ್ಚಳದ ಮೇಲಿನ ಶಿಲುಬೆಯನ್ನು ಬಂದವರೆಲ್ಲ ಮುಟ್ಟಿ ನೋಡಿದರು. ನಾಲ್ವರು ಸೇರಿ ಅವಳನ್ನು ಎತ್ತಿ ಒಳಗಿಟ್ಟರು.

ಅವಳ ಕಾಲಿನ ಕೆಳಗೆ ಒಂದು ಗೇಣಿಗಿಂತ ಹೆಚ್ಚು ಜಾಗ ಖಾಲಿ ಉಳಿದಿತ್ತು.

ಬಡಗಿ ಬಗ್ಗಿ ನೋಡಿದ. ಹಲಗೆ ಬದಲಾಗಿದೆಯೇನೋ ಎಂಬಂತೆ ಅಂಚಿನುದ್ದಕ್ಕೂ ಕೈಯಾಡಿಸಿದ. ಹಲಗೆ ಸರಿಯಾಗಿಯೇ ಇತ್ತು.

"ಯಾರ ಅಳತೆಗೆ ಮಾಡಿದ್ರಿ ಭಾವ?" ಎಂದಳು ನಾದಿನಿ. ಸತ್ತವಳ ಬೆನ್ನಿಗೆ ಹುಟ್ಟಿದ ತಂಗಿ. ಮಾತಿಗೆ ಹಿಂದುಮುಂದು ನೋಡುವವಳಲ್ಲ.

ಯಾರ ಅಳತೆ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಮದುವೆಯ ದಿನ ಪೀಠದ ಮುಂದೆ ಪಕ್ಕದಲ್ಲಿ ನಿಂತಾಗ ಅವಳ ತಲೆ ಅವನ ಕಿವಿಯ ಮಟ್ಟಕ್ಕೆ ಬಂದಿತ್ತು. ಕಣ್ಣಲ್ಲಿ ಉಳಿದದ್ದು ಆ ಹುಡುಗಿ. ಪೆಟ್ಟಿಗೆಯಲ್ಲಿ ಮಲಗಿದ್ದವಳ ಬೆನ್ನು ಬಿಲ್ಲಾಗಿತ್ತು, ಗಲ್ಲ ಎದೆಗೆ ತಾಗುವಂತಿತ್ತು.

"ಬೆನ್ನು ಯಾವಾಗ ಹೀಗಾಯ್ತು?"

"ನನ್ನ ಕೇಳ್ತೀರಾ?" ನಾದಿನಿ ಮೂಗು ಒರೆಸಿಕೊಂಡಳು. "ಆ ಕೌದಿ ಹೊಲಿಯೋ ಕಾಲಕ್ಕೇ ಶುರುವಾಗಿತ್ತು. ಕೂತರೆ ಏಳೋಕಾಗ್ತಿರಲಿಲ್ಲ, ಎದ್ದರೆ ನೆಟ್ಟಗಾಗ್ತಿರಲಿಲ್ಲ. ಒಂದೇ ಸೂರಿನಡಿ ಇದ್ದೂ ಕಾಣಲಿಲ್ವಾ?"

ಕೌದಿ. ಹಳೆಯ ಸೀರೆಗಳನ್ನು ಕೂಡಿಸಿ ಅವನಿಗೆಂದೇ ಹೊಲಿದದ್ದು. ಹೊಲಿಗೆ ಕುಡುಕನ ಹೆಜ್ಜೆಯ ಹಾಗಿದೆ ಎಂದು ಅವನು ಒಂದು ಅಂಚನ್ನು ಬಿಚ್ಚಿಸಿದ್ದ. ಅವಳು ಮತ್ತೆ ಹೊಲಿದಳು. ಅದೂ ಸೊಟ್ಟ. ಅವನು ಹೊದೆಯಲೇ ಇಲ್ಲ.

"ಎತ್ತಿ ಅವಳನ್ನ. ಇನ್ನೊಂದು ಮಾಡ್ತೀನಿ," ಎಂದ ಬಡಗಿ.

ಮಗಳು ಹತ್ತಿರ ಬಂದು ತೋಳು ಹಿಡಿದಳು. "ಅಪ್ಪಾ, ಚರ್ಚಿನ ಗಂಟೆ ಹೊಡೀತಿದೆ. ಫಾದರ್ ಪೂಜೆಗೆ ಕಾಯ್ತಿದ್ದಾರೆ."

"ಕಾಯಲಿ. ಸರಿಯಿಲ್ಲದ್ದರಲ್ಲಿ ಇವಳನ್ನ ಕಳಿಸಲ್ಲ."

"ಸರಿಯಿಲ್ಲದ್ದರ ಜೊತೆ ಜನ್ಮವೇ ಕಳೆದಳಲ್ಲ ಭಾವ," ಎಂದಳು ನಾದಿನಿ. "ಇನ್ನೊಂದು ಹೊತ್ತು ಹೆಚ್ಚಾಯ್ತಾ?"

ಮಾತು ಆಡಿದ ಮೇಲೆ ಅವಳೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಡಗಿ ಗೋಡೆ ಹಿಡಿದು ಒಳಕೋಣೆಗೆ ಹೋದ. ಟ್ರಂಕಿನ ತಳದಿಂದ ಕೌದಿ ತೆಗೆದ. ಮೂಲೆಗೆ ಮೂಲೆ ಕೂಡಿಸಿ ಮಡಿಸಲು ನೋಡಿದರೆ ಕೂಡಲಿಲ್ಲ. ಅದು ಚೌಕವಾಗಿಯೇ ಇರಲಿಲ್ಲ. ಹೇಗೋ ಸುತ್ತಿ ಮುದ್ದೆ ಮಾಡಿ ತಂದು ಅವಳ ಪಾದಗಳಿಗೆ ಒತ್ತಾಗಿ ಇಟ್ಟ. ಒಂದು ಗೇಣು ತುಂಬಿತು. ಮುಚ್ಚಳ ಹಾಕಿದರು.

ಅವಮಾನ ಅಲ್ಲಿಗೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಪೂಜೆ ಮುಗಿದು ಸಮಾಧಿಯ ಹತ್ತಿರ ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸಿದರೆ, ಅದು ಗುಂಡಿಯ ಬಾಯಲ್ಲೇ ಸಿಕ್ಕಿಕೊಂಡಿತು. ಗುಂಡಿ ತೋಡಿದವನು ಗಾಬರಿಯಿಂದ ತಲೆಯ ಬಟ್ಟೆ ತೆಗೆದ.

"ಅಮ್ಮ ದಿನಾ ಪೂಜೆಗೆ ಈ ದಾರೀಲೇ ಬರ್ತಿದ್ರು. ಇಷ್ಟೇ ತಾನೆ ಇದ್ದದ್ದು?" ಎಂದು ಎರಡು ಕೈ ಚಾಚಿ ತೋರಿಸಿದ.

ಅವನ ಕೈಗಳ ನಡುವಿನ ಅಳತೆ ಸರಿಯಾಗಿತ್ತು. ಕೂಲಿಗೆ ಮಣ್ಣು ತೋಡುವವನು ಕಂಡದ್ದನ್ನು ಗಂಡ ಕಂಡಿರಲಿಲ್ಲ. ಸುತ್ತ ನಿಂತವರ ಮುಂದೆ ಅದು ಬಟಾಬಯಲಾಯಿತು. ಹಿಂದೊಮ್ಮೆಯಾಗಿದ್ದರೆ ಬಡಗಿ ಆ ಬಡಪಾಯಿಯ ಮೇಲೆಯೇ ಹರಿಹಾಯುತ್ತಿದ್ದ. ಈಗ ಬಾಯಿಗೆ ಬಂದದ್ದನ್ನು ತಡೆದುಕೊಂಡು, "ನೀನು ತೋಡಿದ್ದು ಸರಿ ಇದೆಯಪ್ಪ. ನಂದೇ ಉದ್ದ. ಗುದ್ದಲಿ ಕೊಡು," ಎಂದ.

ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟರು. ಅವನು ಗುಂಡಿಗಿಳಿದು ಕಾಲಿನ ಕಡೆಯ ಮಣ್ಣು ಕಡಿಯತೊಡಗಿದ. ಮರಕ್ಕೆ ಪಳಗಿದ ಕೈಗೆ ಮಣ್ಣು ಒಗ್ಗಲಿಲ್ಲ. ಒಂದು ಕಡೆ ಹೆಚ್ಚು ಹೋಯಿತು, ಇನ್ನೊಂದು ಕಡೆ ಉಬ್ಬು ಉಳಿಯಿತು. ಅರ್ಧದಲ್ಲಿ ಗುದ್ದಲಿ ನಿಲ್ಲಿಸಿ ಮೇಲೆ ನೋಡಿದ.

"ಫಾದರ್, ಇಷ್ಟು ವರ್ಷ ನಾನು ಇವಳ ಕೆಲಸ ನೋಡ್ದೆ. ಇವಳನ್ನ ನೋಡ್ಲಿಲ್ಲ."

ಫಾದರ್ ಪುಸ್ತಕ ಮುಚ್ಚಿ, ಅಲ್ಲೇ ಮಣ್ಣಿನಲ್ಲಿ ಮೊಣಕಾಲೂರಿ, ಕೈ ಚಾಚಿ ಅವನ ತಲೆಯ ಮೇಲಿಟ್ಟರು.

"ಭಾವ," ಎಂದಳು ನಾದಿನಿ ಮೇಲಿನಿಂದ. ಅವಳ ದನಿ ಒಡೆದಿತ್ತು. "ಉದ್ದವಾದದ್ದೂ ಒಳ್ಳೇದೇ ಆಯ್ತು ಬಿಡಿ. ಪುನರುತ್ಥಾನದ ದಿನ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡೇ ಏಳೋಳು. ಆಗ ಜಾಗ ಬೇಕಲ್ಲ."

ಅವನು ತಲೆಯಾಡಿಸಿದ. ಉಳಿದ ಮಣ್ಣು ತೆಗೆದು ಮೇಲೆ ಬಂದ. ಗುಂಡಿ ತೋಡುವವನು, "ಅಂಚು ಸೊಟ್ಟಾಯ್ತು, ನಾನು ಸರಿ ಮಾಡ್ಲಾ?" ಎಂದು ಮೆಲ್ಲಗೆ ಕೇಳಿದ.

"ಇರಲಿ ಬಿಡು."

ಈ ಸಲ ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬಡಗಿ ಕೊನೆಗೆ ಬಂದ. ಮಣ್ಣು ಹಿಡಿದ ಕೈ ಚಾಚಿಕೊಂಡೇ ನಿಂತಿದ್ದ. ಚರ್ಚಿನ ಮೆಟ್ಟಿಲ ಮೇಲೆ ಕಾಯುತ್ತಿದ್ದವಳ ಹಳೆಯ ಪ್ರಶ್ನೆ ಅವನಿಗೆ ಕೇಳಿಸಿತು. ಬೆವರಿಗೆ ಒದ್ದೆಯಾದ ಅವನ ಗಡ್ಡದ ನಡುವೆ ನಗುವಿನಂಥದ್ದೊಂದು ಬಂದು ಅಳುವಾಗಿ ಹೋಯಿತು.

"ಇವತ್ತು ಹೊಸದು ಹೇಳ್ದೆ ಕಣೇ," ಎಂದು ಕೈ ಬಿಚ್ಚಿದ.