ಎಣಿಕೆಗೆ ಬಾರದ ತಿಂಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಲಿಲಾವಿನಲ್ಲಿ ಮನೆ ಹಿಡಿದು ನೋಡು ಎಂದು ಮಾತ್ರ ಹೇಳಿ ಹೋಗಲಿಲ್ಲ. ಅವರಿಗೆ ಆ ಪ್ರಸಂಗ ಬಂದಿರಲಿಲ್ಲವೋ, ಬಂದರೂ ಹೇಳಿಕೊಳ್ಳಲು ನಾಚಿಕೆಯಾಯಿತೋ, ಯಾರಿಗೆ ಗೊತ್ತು. ೧೯೫೫ರ ಶ್ರಾವಣದಲ್ಲಿ, ಎತ್ತು ಪೂಜಿಸುವ ಪೋಳಾ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ, ನಾಗಪುರದ ಮಹಾಲ್ ಭಾಗದ ಒಂದು ಗಲ್ಲಿಯಲ್ಲಿ ಕೋರ್ಟಿನ ಬೇಲಿಫ ಡೋಲು ಹೊಡೆಸಿ ಅನಸೂಯಾಬಾಯಿಯವರ ಹಳೇ ವಾಡೆಯನ್ನು ಹರಾಜು ಸವಾಲಿಗೆ ಇಟ್ಟ. ಕೊನೆಯ ಕೂಗು ಉಮಾಪತಿಯದಾಯಿತು. ಉಮಾಪತಿ ಗದಗಿನ ಕಡೆಯವನು, ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತ, ಅದೇ ವಾಡೆಯ ಮೇಲಿನ ಎರಡು ಖೋಲಿಗಳಲ್ಲಿ ಏಳು ವರ್ಷದಿಂದ ಬಾಡಿಗೆಗೆ ಇದ್ದವನು.

ಉಂಡ ಮನೆಯ ಜಂತೆ ಎಣಿಸಿದ ಎಂದು ಯಾರೂ ಅವನನ್ನು ಬೈಯಬೇಕಾಗಿಲ್ಲ. ಸವಾಲು ಕೂಗು ಎಂದು ಹೇಳಿದವರೇ ಅನಸೂಯಾಬಾಯಿ. ಗಲ್ಲಿಗೆಲ್ಲ ಅವರು ಕಾಕೂ. ಮಕ್ಕಳಿಲ್ಲ. ಗಂಡ ವಾಡೆಯನ್ನು ಸಾಹುಕಾರನಿಗೆ ಒತ್ತೆ ಇಟ್ಟು ಛಾಪಖಾನೆ ಹಾಕಿ, ಛಾಪಖಾನೆಯನ್ನೂ ಜೀವವನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡಿದ್ದರು. ಕಾಕೂ ಮಾತಾಡುತ್ತಿದ್ದುದು ಮರಾಠಿ. ಆದರೆ ಉಮಾಪತಿಯ ಹೆಂಡತಿ ನೀಲಾಂಬಿಕೆಯ ಕಿವಿಗೆ ಅದು ಎಂದೋ ಕನ್ನಡವಾಗಿಬಿಟ್ಟಿತ್ತು.

"ಯಾವನರೆ ಹೊರಗಿನವ ಹಿಡದರ ನಾವೆಲ್ಲಾರೂ ಬೀದಿಗೆ ಬೀಳತೀವಿ. ನೀವು ಹಿಡೀರಿ. ನಮ್ಮಣ್ಣ ದುಡ್ಡು ತಂದರ ನಾನು ಬಿಡಿಸಿಕೋತೀನಿ. ತರಲಿಲ್ಲ ಅಂದರ ನನ್ನ ಮಗಳ ಮನೀನ ಅಂತ ತಿಳಕೋತೀನಿ," ಎಂದಿದ್ದರು ಕಾಕೂ. ಪ್ರಾವಿಡೆಂಟ್ ಫಂಡಿನ ಸಾಲ ಮತ್ತು ನೀಲಾಂಬಿಕೆಯ ತವರಿನ ಬಂಗಾರ ಸೇರಿ ಆ ಮನೆ ಬಂತು.

ಬಂತು ಅನ್ನುವಂತೆಯೂ ಇರಲಿಲ್ಲ. ಮೂವತ್ತು ದಿನದೊಳಗೆ ಕಾಕೂ ಸಾಲದ ಹಣವನ್ನೂ ಅದರ ಮೇಲೆ ಒಂದಿಷ್ಟನ್ನೂ ಕೋರ್ಟಿಗೆ ಕಟ್ಟಿದರೆ ಲಿಲಾವು ರದ್ದಾಗುತ್ತಿತ್ತು. ವಕೀಲರನ್ನು ಕೇಳಿಕೊಂಡು ಬಂದ ಉಮಾಪತಿ ಅಂಗಿ ಬಿಚ್ಚುತ್ತ ಹೇಳಿದ:

"ಸಪ್ಟೆಂಬರ್ ಹನ್ನೆರಡಕ್ಕ ಆಖರಿ. ಮರುದಿನ ದೇವರ ಬಂದು ನಿಂತರೂ ಕೋರ್ಟ್ ಕೇಳೂದಿಲ್ಲ. ಕಾಕೂಗ ನೀನ ಹೇಳು. ನನ್ನ ಮರಾಠಿ ಕೇಳಿದರ ಅವರಿಗೆ ನಗು ಬರತೈತಿ. ಇದು ನಗೂ ಮಾತಲ್ಲ."

"ಹೇಳತೀನಿ," ಎಂದಳು ನೀಲಾಂಬಿಕೆ. ಹೇಳಬೇಕೆಂದೇ ಇದ್ದಳು, ಅದರಲ್ಲಿ ಸುಳ್ಳಿಲ್ಲ.

ಆದರೆ ಅವಳ ಆಸೆಯನ್ನೂ ತಿಳಿದಿರಬೇಕು. ಮದುವೆಯಾದ ಹದಿನಾರು ವರ್ಷದಲ್ಲಿ ಹುಬ್ಬಳ್ಳಿ, ಸೊಲ್ಲಾಪುರ, ಗುಂತಕಲ್ಲು, ಭುಸಾವಳ ಎಂದು ಅವಳು ಒಂಬತ್ತು ಮನೆ ಕಂಡವಳು. ಒಂದರಲ್ಲೂ ಕೇಳದೆ ಗೋಡೆಗೆ ಮೊಳೆ ಹೊಡೆದವಳಲ್ಲ. ತಂದೆಯ ಫೋಟೋ ಹದಿನಾರು ವರ್ಷದಿಂದ ಟ್ರಂಕಿನ ತಳದಲ್ಲಿ, ಮಡಿಸಿದ ಸೀರೆಗಳ ನಡುವೆ ಮಲಗಿತ್ತು. ನಾಗಪುರದಲ್ಲಂತೂ ಕಾಲೇಜು ಹುಡುಗರು ಎರಡರಷ್ಟು ಬಾಡಿಗೆ ಹಿಡಿದುಕೊಂಡು ಗಲ್ಲಿ ಗಲ್ಲಿ ಸುತ್ತುವಾಗ ಸಂಸಾರಸ್ಥರಿಗೆ ಖೋಲಿ ಕೊಡುವವರೇ ಇರಲಿಲ್ಲ. ಈ ಮನೆ ಅವಳಿಗೆ ಬೇಕಾಗಿತ್ತು. ಹಸಿದವನಿಗೆ ಅನ್ನ ಬೇಕಾದಷ್ಟೇ ಬೇಕಾಗಿತ್ತು.

ಮರುದಿನ ಕೆಳಗಿಳಿದು ಹೋದಾಗ ಕಾಕೂ ನಡುಮನೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಒಂದು ಕಾರ್ಡು ಬಿದ್ದಿತ್ತು.

"ಬಾ ನೀಲಾ. ಅಣ್ಣನ ಪತ್ರ ಬಂದೈತಿ. ಕಾಟೋಲದಾಗಿನ ಹೊಲ ಮಾರಿದನಂತ, ದುಡ್ಡು ಕೈಯಾಗ ಐತಂತ."

"ಯಾವಾಗ ಬರತಾರಂತ?"

"ಅಧಿಕ ಮುಗಿದ ಮರುದಿನ. ಈ ವರ್ಷ ಭಾದ್ರಪದ ಎರಡ ಅಲ್ಲೇನ. ಮಲಮಾಸದಾಗ ಮನೀ ವ್ಯವಹಾರ ಮಾಡಬಾರದು ಅಂತಾನ, ಖರೇನ ಐತಿ. ಬೇಲಿಫ ಒಂದು ತಿಂಗಳು ಅಂದಾನ. ಅಧಿಕ ಅಂತೂ ಎಣಿಕೀಗೆ ಬರೂದಿಲ್ಲ. ಇನ್ನೂ ಭಾಳ ದಿನ ಐತಿ. ಬರೋಬರ್ ಐತೋ ಇಲ್ಲೋ?"

ಅಧಿಕ ಮಾಸದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ನಲವತ್ತು ವರ್ಷ ಪಂಚಾಂಗ ನೋಡಿ ಬದುಕಿದ ಹೆಂಗಸು ಆ ತಿಂಗಳನ್ನು ಲೆಕ್ಕದಿಂದ ಬಿಟ್ಟರೆ ಅದು ದಡ್ಡತನವಲ್ಲ. ಆದರೆ ಕೋರ್ಟಿನ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿಗೆ ಅಧಿಕವೂ ಗೊತ್ತಿಲ್ಲ, ಏಕಾದಶಿಯೂ ಗೊತ್ತಿಲ್ಲ. ಅಧಿಕ ಮುಗಿಯುವುದು ಹದಿನಾರಕ್ಕೆ. ಹನ್ನೆರಡು ಮತ್ತು ಹದಿನಾರು. ನೀಲಾಂಬಿಕೆಗೆ ಅದು ಬೆರಳು ಮಡಿಸದೆಯೇ ತಿಳಿಯಿತು.

ಬಾಯಿ ತೆರೆದಳು. "ಅಕ್ಕಿ ನಾ ಆರಿಸಿ ಕೊಡಲೇನ್ರಿ ಕಾಕೂ?" ಎಂದಳು.

ಕಾಕೂ ಮೊರ ಅವಳ ಕಡೆ ಸರಿಸಿದರು. ಇಬ್ಬರೂ ಅಕ್ಕಿ ಆರಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತಿನ ಗತಿ ಏನೆಂದು ಯಾರೂ ಹೇಳಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮೂರು ದಿನ ಹಾಗೆ ಅಂದುಕೊಂಡಳು, ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟಳು. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಅವಳ ಎದೆ ಜೋಮು ಹಿಡಿಯಿತು. ದಿನಾ ಬಾವಿಯ ಹತ್ತಿರ ಕಾಕೂ ಸಿಗುತ್ತಿದ್ದರು, ದಿನಾ ಮಾತಾಗುತ್ತಿತ್ತು. ಭಯವೂ ಇಲ್ಲ, ಮರುಕವೂ ಇಲ್ಲ. ಕೊಡ ತುಂಬಿದರೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ಕಾಕೂಗ ಹೇಳಿದ್ಯೇನ?" ಎಂದು ಉಮಾಪತಿ ಒಮ್ಮೆ ಉಣ್ಣುತ್ತ ಕೇಳಿದ.

"ಹೇಳೀನಿ."

"ಏನಂದರು?"

"ಅಣ್ಣ ಬರತಾನ ಅಂದರು." ಅದೂ ಸುಳ್ಳಲ್ಲ. ಅವನು ಇನ್ನೊಂದು ರೊಟ್ಟಿ ಕೇಳಿದ, ಅವಳು ಹಾಕಿದಳು.

ಹನ್ನೆರಡನೇ ತಾರೀಖು ಸೋಮವಾರ. ಉಮಾಪತಿ ಆಫೀಸಿಗೆ ಹೋಗಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಕಾಕೂ ಹಿತ್ತಾಳೆಯ ತಾಟು ಹಿಡಿದು ಬಂದಿದ್ದರು. ಅದರ ತುಂಬ ಅನಾರಸೆ, ನಡುವೆ ಉರಿಯುವ ಪುಟ್ಟ ದೀಪ. ಮೂರು ದಿನ ನೆನೆಸಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಕಲಸಿ, ಗಸಗಸೆ ಹಚ್ಚಿ ತುಪ್ಪದಲ್ಲಿ ಕರಿದವು. ಅಧಿಕ ಮಾಸದಲ್ಲಿ ಅತ್ತೆ ಅಳಿಯನಿಗೆ ಮೂವತ್ತಮೂರು ಅನಾರಸೆ ಕೊಡುವುದು ಆ ಕಡೆಯ ಪದ್ಧತಿ.

"ಮೂವತ್ತಮೂರು ಅದಾವು, ಎಣಿಸಿಕೋ. ಅಳಿಯ ಇಲ್ಲದವಳು ಕೊಡಬಹುದೇನು ಅಂತ ಭಟ್ಟರನ್ನ ಕೇಳಿದೆ. ಮೇಲಿನ ಮನ್ಯಾಗ ಇದ್ದಾರಲ್ಲ, ಮತ್ತ್ಯಾಕ ಕೇಳತೀರಿ ಅಂದರು," ಎಂದು ಕಾಕೂ ನಕ್ಕರು.

ಕೋರ್ಟು ಐದರ ತನಕ ತೆರೆದಿರುತ್ತಿತ್ತು. ಕಾಟೋಲಿಗೆ ಯಾರನ್ನೂ ಕಳಿಸಲು ಹೊತ್ತಿರಲಿಲ್ಲ ನಿಜ. ಆದರೆ ಉಮಾಪತಿಗೆ ಹೇಳಿಕಳಿಸಿದ್ದರೆ ಅವನು ವಕೀಲರ ಕಾಲು ಹಿಡಿದಾದರೂ ಏನೋ ಮಾಡುತ್ತಿದ್ದ, ಅಂಥವನು ಅವನು. ನೀಲಾಂಬಿಕೆ ತಾಟು ಇಸಿದುಕೊಂಡಳು. ಬರಿದಾದ ತಾಟು ತಿರುಗಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಳು. ಕಾಕೂ ಇಳಿದು ಹೋದ ಮೇಲೆ ಅನಾರಸೆಗಳನ್ನು ಎಣಿಸಿದಳು. ಮೂವತ್ತಮೂರೇ ಇದ್ದವು. ಒಂದನ್ನು ತಿಂದಳು. ಏನೂ ರುಚಿ ಹತ್ತಲಿಲ್ಲ.

ಮರುದಿನ ಟ್ರಂಕಿನಿಂದ ತಂದೆಯ ಫೋಟೋ ತೆಗೆದು, ಯಾರನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆದಳು. ಕೆಳಗಿನಿಂದ ಕಾಕೂ ಕೂಗಿ ಹೇಳಿದರು: "ಜ್ವಾರಾಗಿ ಹೊಡಿ ನೀಲಾ, ಗ್ವಾಡಿ ಗಟ್ಟಿ ಐತಿ."

ಹದಿನೇಳಕ್ಕೆ ಕಾಟೋಲದ ಅಣ್ಣ ಬಂದ. ದುಡ್ಡಿನ ಗಂಟನ್ನು ಹೊಟ್ಟೆಗೆ ಕಟ್ಟಿಕೊಂಡು ಬಂದಿದ್ದ. ಅಣ್ಣ ತಂಗಿ ಟಾಂಗಾ ಮಾಡಿಕೊಂಡು ಕೋರ್ಟಿಗೆ ಹೋದರು, ನಡೆದುಕೊಂಡು ಬಂದರು. ಅಣ್ಣ ಸಂಜೆಯ ಗಾಡಿಗೆ ಊರಿಗೆ ಹೋದ. ಉಮಾಪತಿ ವಿಷಯ ಕೇಳಿ ಹೆಂಡತಿಯ ಮುಖ ನೋಡಿದ. ಅಂದಿನಿಂದ ಅವನು ಊಟಕ್ಕೆ ಕೂತರೆ ಎರಡನೆಯ ರೊಟ್ಟಿ ಕೇಳುವುದನ್ನು ಬಿಟ್ಟ.

ಅಕ್ಟೋಬರ್ ಒಂದನೇ ತಾರೀಖು ಕಾಕೂ ಮತ್ತೆ ಮೆಟ್ಟಿಲು ಹತ್ತಿ ಬಂದರು. ಏಳು ವರ್ಷ ಸರಾಗವಾಗಿ ಒಳಗೆ ಬರುತ್ತಿದ್ದವರು ಈಗ ಹೊಸ್ತಿಲ ಹೊರಗೆ ನಿಂತರು. ಏಳು ವರ್ಷ ಪ್ರತಿ ತಿಂಗಳು ಒಂದಕ್ಕೆ ನೀಲಾಂಬಿಕೆ ಕೆಳಗೆ ಅವರ ಹೊಸ್ತಿಲಲ್ಲಿ ಹಾಗೆಯೇ ನಿಲ್ಲುತ್ತಿದ್ದಳು.

"ಹನ್ನೆರಡಕ್ಕ ಮುಗೀತು ಅಂದರು ಕೋರ್ಟಿನಾಗ. ನನಗ ತಿಳೀಲಿಲ್ಲ. ನಿನಗರೆ ಹೆಂಗ ಗೊತ್ತಿರಬೇಕು," ಎಂದರು ಕಾಕೂ. ಅವರ ಕಣ್ಣು ಅವಳ ಮುಖದ ಮೇಲೆಯೇ ಇತ್ತು. "ಕೆಳಗಿನ ಖೋಲಿಗೆ ಬಾಡಿಗಿ ಎಷ್ಟು ಕೊಡಲಿ?"

ಬಾಡಿಗೆ ಯಾಕೆ ಕಾಕೂ, ನಿಮ್ಮದೇ ಮನೆ, ಇರ್ರಿ. ಎರಡು ವಾರದಿಂದ ಒಲೆಯ ಮುಂದೆ, ಬಾವಿಯ ಹತ್ತಿರ ಈ ಮಾತನ್ನು ನೀಲಾಂಬಿಕೆ ಬಾಯಿಪಾಠ ಮಾಡಿಕೊಂಡಿದ್ದಳು. ಈಗ ಅದನ್ನು ಹೇಳಲು ಬಾಯಿ ತೆರೆದಳು.

"ಹನ್ನೊಂದು ರೂಪಾಯಿ," ಎಂದಳು. ತಾನು ಏಳು ವರ್ಷ ಕೊಟ್ಟ ಬಾಡಿಗೆ.

ಕಾಕೂ ತಲೆಯಾಡಿಸಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಎಣಿಸಿ ತಂದ ಹನ್ನೊಂದೇ ಇದ್ದವು.