ಪೇಷಂಟು ಹೊರಗಿರಲಿ

ಸವದತ್ತಿಯ ಹತ್ತಿ ವ್ಯಾಪಾರಿ ರಾಮಲಿಂಗಪ್ಪನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿದೆಯೆಂದು ಬೆಳಗಾವಿಯ ಡಾಕ್ಟರು ಹೇಳಿದಾಗ, ಆ ಕೋಣೆಯಲ್ಲಿ ಇಲ್ಲದವನೆಂದರೆ ರಾಮಲಿಂಗಪ್ಪನೊಬ್ಬನೇ. ಪೇಷಂಟನ್ನು ಹೊರಗೆ ಕೂರಿಸಿ ರೋಗವನ್ನು ಬಳಗಕ್ಕೆ ಒಪ್ಪಿಸುವುದು ನಮ್ಮ ಕಡೆಯ ಪದ್ಧತಿ. ಒಳಗಿದ್ದವರು ಮಗ ಗೌರೀಶ, ಅಳಿಯ ಯುವರಾಜ. ಗೌರೀಶ ಕಾಲೇಜಿನಲ್ಲಿ ಕಲಿಸುವುದು ತರ್ಕಶಾಸ್ತ್ರ, ಮನೆಯಲ್ಲಿ ನಡೆಸುವುದು ತಕರಾರುಶಾಸ್ತ್ರ. ಯುವರಾಜನಿಗೆ ರಾಜ್ಯವಿಲ್ಲ; ಮಾವನ ಮನೆಯನ್ನೇ ಆಳುತ್ತಾನೆ.

“ಗ್ರಂಥಿ ಬಿಟ್ಟು ಹೊರಗ ಹಬ್ಬಿಲ್ಲ. ಲಗೂನ ರೇಡಿಯೇಷನ್ ಕೊಟ್ರ ಪೂರ್ತಿ ಆರಾಮ ಆಗಬಹುದು,” ಎಂದರು ಡಾಕ್ಟರು.

ಯುವರಾಜ ಟಿವಿ ಧಾರಾವಾಹಿಯ ವಿಧವೆಯಂತೆ ಗಂಟಲು ನಡುಗಿಸಿದ: “ಮಾವಾರಿಗೆ ಹೇಳಬ್ಯಾಡ್ರಿ ಸರ್... ಎದಿ ಒಡಕೋತಾರ! ಮೂತ್ರದಾಗ ಕಲ್ಲು ಆಗ್ಯಾವ, ಮಷೀನ್ ಹಚ್ಚಿ ಪುಡಿ ಮಾಡ್ತಾರ ಅಂದ್ರಾತು.”

ಡಾಕ್ಟರು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಹೊರಗೆ ಪಾಳಿ ಉದ್ದವಿತ್ತು.

ಕ್ಯಾನ್ಸರ್ ಮುಚ್ಚಿಡುವ ರೋಗ, ಕಲ್ಲು ಹೇಳಿಕೊಂಡು ತಿರುಗುವ ರೋಗ. ರಾಮಲಿಂಗಪ್ಪ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ. ಕಲ್ಲಿಗೆ ಮದ್ದು ಗೊತ್ತಿಲ್ಲದ ಪ್ರಾಣಿ ಸವದತ್ತಿಯಲ್ಲಿ ಹುಟ್ಟೇ ಇಲ್ಲ. ಬಾಳೆದಿಂಡು, ಹುರುಳಿ ಕಟ್ಟು ಎಲ್ಲ ಸೋತು, ಸುರೇಬಾನದ ನಾಟಿ ವೈದ್ಯ ದುರ್ಗಪ್ಪನ ಸೊಪ್ಪಿನ ರಸ ಗೆದ್ದಿತು.

“ಬೆಳಗಾವಿಗೆ ಬರಂಗಿಲ್ಲಂತ ಹೇಳಿಬಿಡೋ ಗೌರ್ಯಾ. ಕಲ್ಲಿಗ್ಯಾಕ ಮಷೀನು?”

“ಅಪ್ಪಾ, ಅದು... ದೊಡ್ಡ ಕಲ್ಲು.”

“ಎಷ್ಟ ದೊಡ್ಡದು? ಬೀಸೂ ಕಲ್ಲೇನು?”

ಗೌರೀಶ ಯುವರಾಜನನ್ನು ನೋಡಿದ. ಯುವರಾಜ ಫ್ಯಾನು ನೋಡಿದ. ನಿಜ ಹೇಳಿದರೆ ಮುದುಕ ಸಾಯುತ್ತಾನೆ, ಹೇಳದಿದ್ದರೂ ಸಾಯುತ್ತಾನೆ. ಹೇಳದೆ ಸತ್ತರೆ ತಪ್ಪು ತಮ್ಮ ಮೇಲೆ ಬರುವುದಿಲ್ಲ. ಇಬ್ಬರು ವಿದ್ಯಾವಂತರ ತಲೆ ಓಡಿದ್ದು ಅಷ್ಟು ದೂರ.

ರೇಡಿಯೇಷನ್ ತಾರೀಖು ದಾಟಿತು. ರಾಮಲಿಂಗಪ್ಪ ರಸ ಕುಡಿಯುತ್ತ, ಕಲ್ಲು ಬಿದ್ದ ಸಪ್ಪಳಕ್ಕಾಗಿ ಬಚ್ಚಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದ.

ಒಂದು ಮುಂಜಾನೆ ಆಸ್ಪತ್ರೆಯಿಂದಲೇ ಫೋನ್ ಬಂತು. ಎತ್ತಿದವಳು ಹೆಂಡತಿ ಚನ್ನವ್ವ. ಗಂಡಸರು ಅವಳಿಗೂ ಕಲ್ಲನ್ನೇ ಹೇಳಿದ್ದರು. ಕೇಳಿಸಿಕೊಂಡು ಫೋನಿಟ್ಟವಳೇ ಪಡಸಾಲೆಗೆ ಬಂದಳು.

“ರೀ, ಆ ಲೋಟಾ ಕೆಳಗಿಡ್ರಿ. ನಿಮಗ ಆಗಿದ್ದು ಕಲ್ಲಲ್ಲ, ಕ್ಯಾನ್ಸರ್. ಹಬ್ಬೂಕಿಂತ ಮೊದಲ ಬಂದ್ರ ಆರಾಮ ಮಾಡ್ತೇವಂತ ಕರ್ಯಾಕತ್ತಾರ. ಈ ಶಾಣ್ಯಾರಿಬ್ಬರಿಗೂ ಮೊದಲಿಂದ ಗೊತ್ತೈತಿ.”

“ಅತ್ತೀ! ಹಿಂಗ ಒಮ್ಮಿಗಲೇ... ಮಾವಾರ ಎದಿ...” ಯುವರಾಜ ನೀರು ತರಲು ಓಡಿದ.

ರಾಮಲಿಂಗಪ್ಪನ ಮುಖ ಬಿಳಿಚಿತು; ಲೋಟ ಕೆಳಗಿಟ್ಟ. ಎದೆ ಒಡೆಯಲಿಲ್ಲ. ಅಳಿಯ ತಂದ ನೀರನ್ನು ದಿಟ್ಟಿಸಿ, “ನೀವ ಕುಡೀರಿ ಅಳ್ಯಾರ, ದಣದೀರಿ,” ಎಂದ. ಹೆಂಡತಿಗೆ, “ನಡಿ, ಬಸ್ ಹಿಡಿಯೂಣು,” ಎಂದ.

ಮಗ, ಅಳಿಯ ಬೆನ್ನು ಬಿಡಲಿಲ್ಲ. ಬೆಳಗಾವಿಯಲ್ಲಿ ಡಾಕ್ಟರು ರೂಢಿಯಂತೆ ಗೌರೀಶನ ಕಡೆ ತಿರುಗಿದರು: “ಪೇಷಂಟ್ ಸ್ವಲ್ಪ ಹೊರಗ ಕುಂತ್ರ...”

“ಪೇಷಂಟ್ ಏಳಂಗಿಲ್ಲರಿ,” ಎಂದ ರಾಮಲಿಂಗಪ್ಪ. “ಬೇಕಾದ್ರ ಈ ಇಬ್ಬರನ್ನ ಹೊರಗ ಹಾಕ್ರಿ. ವ್ಯಾಳ್ಯಾ ಇನ್ನೂ ಐತೋ ಇಲ್ಲೋ, ನನಗ ಹೇಳ್ರಿ.”

ಡಾಕ್ಟರು ಮೊದಲ ಸಲ ಅವನ ಮುಖ ನೋಡಿದರು.

“ಐತಿ ಅಂತ ಅನಸ್ತದ. ಇವತ್ತ ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೊಳ್ಳೂಣು. ಆದ್ರ ನೀವು ಇಷ್ಟ ದಿನಾ ಕಳೀಬಾರದಿತ್ತು.”

“ನಾ ಎಲ್ಲಿ ಕಳದೇನ್ರಿ?” ಎಂದ ರಾಮಲಿಂಗಪ್ಪ.